ಸ್ವಂತ ವಿಳಾಸದ ಬೆಲೆ ಯಾರು ತೆರುತ್ತಾರೆ?

ನೂರಿನ್ನೂರು ಜನರಿರುವ ಒಂದು ಕಂಪನಿ ತನ್ನ ಐಎಸ್‌ಪಿಯನ್ನು ಬದಲಿಸಲು ಹೊರಟಿದೆ ಎನ್ನಿ. ಹೊಸಬರು ಕಡಿಮೆ ದರಕ್ಕೆ ಒಪ್ಪಿದ್ದಾರೆ, ಫೈಬರ್ ಎಳೆದಾಗಿದೆ, ಲಿಂಕ್ ಅಪ್ ಆಗಿದೆ. ತೊಡಕು ಶುರುವಾಗುವುದು ಅಲ್ಲಿಂದ ಮುಂದೆ. ಹಳೆಯ ಐಎಸ್‌ಪಿ ಕೊಟ್ಟಿದ್ದ ಐಪಿ ವಿಳಾಸಗಳನ್ನು ಹಿಂದಿರುಗಿಸಬೇಕು. ಅವು ಕಂಪನಿಯ ಸ್ವತ್ತಲ್ಲ, ಐಎಸ್‌ಪಿ ತನ್ನ ಬ್ಲಾಕಿನಿಂದ ಬಳಸಲು ಕೊಟ್ಟವು. ಡಿಎನ್‌ಎಸ್ ದಾಖಲೆ ತಿದ್ದುವುದು ಸುಲಭ. ಆದರೆ ಶಾಖೆಗಳ ವಿಪಿಎನ್‌ಗಳು ಹಳೆಯ ವಿಳಾಸವನ್ನೇ ಹುಡುಕುತ್ತಿರುತ್ತವೆ. ಬ್ಯಾಂಕಿನ ಪೇಮೆಂಟ್ ಗೇಟ್‌ವೇ ಹಳೆಯದನ್ನು ಮಾತ್ರ ವೈಟ್‌ಲಿಸ್ಟ್ ಮಾಡಿರುತ್ತದೆ. ಹೊಸದನ್ನು ಸೇರಿಸಲು ಅರ್ಜಿ, ಅನುಮೋದನೆ, ಒಂದಷ್ಟು ದಿನದ ಕಾಯುವಿಕೆ. ಯಾವುದೋ ಸಾಫ್ಟ್‌ವೇರಿನ ಲೈಸೆನ್ಸ್ ಸರ್ವರ್‌ನ ವಿಳಾಸಕ್ಕೇ ಅಂಟಿಕೊಂಡಿರುತ್ತದೆ. ಎಂದೋ ಕೆಲಸ ಬಿಟ್ಟವರು ಬರೆದ ಸ್ಕ್ರಿಪ್ಟಿನೊಳಗೆ ಹೆಸರಿನ ಬದಲು ಅಂಕಿಗಳೇ ಕೂತಿರುತ್ತವೆ. ಅದು ಬೆಳಕಿಗೆ ಬರುವುದು ತಿಂಗಳ ಕೊನೆಗೆ ಸಂಬಳದ ಫೈಲ್ ಹೋಗದೆ ನಿಂತಾಗ.

ಇದು ಹೊಸ ಗೋಳಲ್ಲ. ಇಂಟರ್ನೆಟ್ ಎಂಜಿನಿಯರುಗಳು ತಮ್ಮ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ, ಆರ್‌ಎಫ್‌ಸಿ 1900ರ ಮೂಲಕ, ವಿಳಾಸ ಬದಲಾವಣೆಯನ್ನು ಸುಲಭಗೊಳಿಸುವ ಕೆಲಸ ಆಗಬೇಕಿದೆ ಎಂದು 1996ರ ಫೆಬ್ರುವರಿಯಲ್ಲೇ ಹೇಳಿದ್ದರು. ಹದಿನಾಲ್ಕು ವರ್ಷ ಕಳೆದು 2010ರ ಮೇ ತಿಂಗಳಲ್ಲಿ ಬಂದ ಆರ್‌ಎಫ್‌ಸಿ 5887, ಆ ಕೆಲಸ ಇನ್ನೂ ಆಗಬೇಕಿದೆ ಎಂದು ಶೀರ್ಷಿಕೆಯಲ್ಲೇ ಸಾರಿತು.

ಈ ಪಾಡಿನಿಂದ ಪಾರಾಗಲು ಒಂದು ದಾರಿಯಿದೆ. ಐಎಸ್‌ಪಿಯ ಹಂಗಿಲ್ಲದೆ, ನೋಂದಣಿ ಸಂಸ್ಥೆಯಿಂದ ನೇರವಾಗಿ ತನ್ನದೇ ಬ್ಲಾಕ್ ಪಡೆಯುವುದು. ಯುರೋಪಿನ ನೋಂದಣಿ ಸಂಸ್ಥೆ ಆರ್‌ಐಪಿಇ ಇದನ್ನು ಪ್ರೊವೈಡರ್ ಇಂಡಿಪೆಂಡೆಂಟ್, ಚಿಕ್ಕದಾಗಿ ಪಿಐ, ಎನ್ನುತ್ತದೆ. ಏಷ್ಯಾ-ಪೆಸಿಫಿಕ್ ವಲಯದ ಎಪಿನಿಕ್ ಪೋರ್ಟಬಲ್ ವಿಳಾಸ ಎನ್ನುತ್ತದೆ. ಐಎಸ್‌ಪಿಯ ಬ್ಲಾಕಿನಿಂದ ಬರುವುದು ಪ್ರೊವೈಡರ್ ಅಗ್ರಿಗೇಟಬಲ್, ಅಂದರೆ ಪಿಎ. ಪಿಐ ಇದ್ದವರು ಇವತ್ತು ಒಬ್ಬರ ಲಿಂಕಿನಲ್ಲಿ, ನಾಳೆ ಇನ್ನೊಬ್ಬರ ಲಿಂಕಿನಲ್ಲಿ, ಬೇಕಾದರೆ ಇಬ್ಬರ ಲಿಂಕಿನಲ್ಲೂ ಏಕಕಾಲಕ್ಕೆ ಇರಬಹುದು. ಒಳಗಿನ ಒಂದು ಅಂಕಿಯನ್ನೂ ಮುಟ್ಟಬೇಕಿಲ್ಲ.

ಹಾಗಿದ್ದರೆ ಎಲ್ಲರಿಗೂ ಪಿಐ ಕೊಟ್ಟರೆ ಆಯಿತಲ್ಲ? ಮೂವತ್ತು ವರ್ಷಗಳ ಜಗಳ ಇರುವುದು ಇಲ್ಲೇ. ಎಸ್‌ಟಿಡಿ ಕೋಡ್ ನೆನಪಿಸಿಕೊಂಡರೆ ವಿಷಯ ಬೇಗ ತಿಳಿಯುತ್ತದೆ. ದೆಹಲಿಯ ಎಕ್ಸ್‌ಚೇಂಜಿಗೆ 080 ಎಂದರೆ ಬೆಂಗಳೂರು, 0824 ಎಂದರೆ ಮಂಗಳೂರು ಎಂದಷ್ಟು ಗೊತ್ತಿದ್ದರೆ ಸಾಕಿತ್ತು. ಊರೊಳಗಿನ ಲಕ್ಷಾಂತರ ನಂಬರುಗಳ ಗೊಡವೆ ಅದಕ್ಕಿರಲಿಲ್ಲ. 2011ರಲ್ಲಿ ದೇಶದಾದ್ಯಂತ ಮೊಬೈಲ್ ನಂಬರ್ ಪೋರ್ಟಬಿಲಿಟಿ ಬಂದ ಮೇಲೆ ನಂಬರು ನೋಡಿ ಕಂಪನಿ ಹೇಳುವಂತಿಲ್ಲ, ಪ್ರತಿ ಪೋರ್ಟ್ ಆದ ನಂಬರನ್ನೂ ಡೇಟಾಬೇಸಿನಲ್ಲಿ ಹುಡುಕಬೇಕು. ಇಂಟರ್ನೆಟ್ಟಿಗೆ ಅಂಥ ಕೇಂದ್ರ ಡೇಟಾಬೇಸ್ ಇಲ್ಲ. ಅದರ ಬದಲು ಜಗತ್ತಿನ ಪ್ರತಿ ದೊಡ್ಡ ರೂಟರೂ ಇಡೀ ಪಟ್ಟಿಯನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು.

ಆ ಪಟ್ಟಿಯೇ ರೂಟಿಂಗ್ ಟೇಬಲ್. ಒಬ್ಬ ಐಎಸ್‌ಪಿ ಬಳಿ /16 ಬ್ಲಾಕ್, ಅಂದರೆ 65,536 ವಿಳಾಸ ಇದ್ದು (ಗೀಟಿನ ಮುಂದಿನ ಅಂಕಿ ಹೆಚ್ಚಿದಷ್ಟೂ ಬ್ಲಾಕ್ ಚಿಕ್ಕದು), ಅದನ್ನು 256 ಗ್ರಾಹಕರಿಗೆ ಹಂಚಿದ್ದರೆ ಹೊರಜಗತ್ತಿಗೆ ಕಾಣುವುದು ಒಂದೇ ಸಾಲು. 1990ರ ದಶಕದಲ್ಲಿ ಭಾರತದ ಶಿಕ್ಷಣ-ಸಂಶೋಧನಾ ಜಾಲ ಎರ್ನೆಟ್‌ನ 144.16 ಬ್ಲಾಕ್ ಹಾಗೆ ಕೆಲಸ ಮಾಡುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರುಗಳೂ ಐಐಟಿಗಳವೂ ಅದರೊಳಗಿನ ತುಂಡುಗಳನ್ನೇ ಬಳಸುತ್ತಿದ್ದವು. ಆ 256 ಗ್ರಾಹಕರೂ ತಮ್ಮ ತಮ್ಮ ಪಿಐ ತಂದರೆ 256 ಸಾಲು. ಅದೂ ಆ ಐಎಸ್‌ಪಿಯ ರೂಟರಿನಲ್ಲಿ ಮಾತ್ರವಲ್ಲ, ಟೋಕಿಯೋದ, ಫ್ರಾಂಕ್‌ಫರ್ಟಿನ, ಸಾವೊ ಪೌಲೋದ ರೂಟರುಗಳಲ್ಲೂ. ಸಾಲು ಹೆಚ್ಚಿಸಿದವರು ಒಂದು ಕಡೆ, ಅದಕ್ಕೆ ಮೆಮೊರಿ ಖರೀದಿಸುವವರು ಇನ್ನೊಂದು ಕಡೆ. ಇಬ್ಬರ ನಡುವೆ ಲೆಕ್ಕ ಚುಕ್ತಾ ಮಾಡುವ ಯಾವ ವ್ಯವಸ್ಥೆಯೂ ಇಲ್ಲ.

ಆರಂಭದಲ್ಲಿ ಎಲ್ಲವೂ ಪಿಐ ಆಗಿತ್ತು ಎನ್ನಬೇಕು. ಕ್ಲಾಸ್ ಎ, ಬಿ, ಸಿ ಎಂದು ವಿಂಗಡಿಸಿ, ಕೇಳಿದವರಿಗೆ ಕೇಳಿದಂತೆ ಕೊಟ್ಟ ಕಾಲ ಅದು. ಕ್ಲಾಸ್ ಬಿ ಬ್ಲಾಕ್‌ಗಳು ಇದ್ದದ್ದು 16,384 ಮಾತ್ರ, ಅವು ಬೇಗ ಕರಗುತ್ತಿದ್ದವು. ಬದಲಿಗೆ ಕ್ಲಾಸ್ ಸಿ ಕೊಡೋಣವೆಂದರೆ ಅವು ಇಪ್ಪತ್ತು ಲಕ್ಷಕ್ಕೂ ಹೆಚ್ಚು; ಒಂದೊಂದೂ ಒಂದು ಸಾಲಾದರೆ ಅಂದಿನ ರೂಟರುಗಳು ಕುಸಿಯುವುದು ಖಂಡಿತ. 1993ರ ಸೆಪ್ಟೆಂಬರಿನಲ್ಲಿ ಬಂದ ಸಿಐಡಿಆರ್ ಈ ಬಿಕ್ಕಟ್ಟಿಗೆ ಉತ್ತರ. ಕ್ಲಾಸ್ ಗೋಡೆಗಳನ್ನು ಕೆಡವಿ, ಎಷ್ಟು ಬೇಕೋ ಅಷ್ಟೇ ಗಾತ್ರದ ಬ್ಲಾಕ್ ಕೊಡುವುದು, ಪಕ್ಕಪಕ್ಕದ ಬ್ಲಾಕ್‌ಗಳನ್ನು ಒಗ್ಗೂಡಿಸಿ ಒಂದೇ ಸಾಲಾಗಿ ಹೊರಗೆ ಸಾರುವುದು ಅದರ ತಿರುಳು. ಒಗ್ಗೂಡಬೇಕಾದರೆ ವಿಳಾಸ ಜಾಲದ ಜೋಡಣೆಯನ್ನು ಅನುಸರಿಸಬೇಕು, ಅಂದರೆ ಗ್ರಾಹಕ ತನ್ನ ಐಎಸ್‌ಪಿಯ ಬ್ಲಾಕಿನೊಳಗೇ ಇರಬೇಕು. ಪಿಎ ಹುಟ್ಟಿದ್ದು ಹಾಗೆ.

ಇದಕ್ಕೆ ಸಿದ್ಧಾಂತದ ಬಲ ಕೊಟ್ಟವರು ಯಾಕೊವ್ ರೆಕ್ಟರ್. ಇಂಟರ್ನೆಟ್ಟಿನ ಜಾಲಗಳನ್ನು ಹೆಣೆಯುವ ಬಿಜಿಪಿ ಪ್ರೋಟೋಕಾಲನ್ನು 1989ರಲ್ಲಿ ಕರ್ಕ್ ಲಾಹೀಡ್ ಜತೆ ರೂಪಿಸಿದವರು ಅವರೇ. 1996ರಲ್ಲಿ ಟೋನಿ ಲೀ ಜತೆ ಬರೆದ ಆರ್‌ಎಫ್‌ಸಿ 2008ರಲ್ಲಿ ಅವರು ವಿಳಾಸದ ಒಡೆತನ ಮತ್ತು ವಿಳಾಸದ ಎರವಲು ಎಂದು ಎರಡು ನೀತಿಗಳನ್ನು ಎದುರುಬದುರು ಇಟ್ಟು, ಬೆಳೆಯುವ ಇಂಟರ್ನೆಟ್ಟಿಗೆ ಎರವಲೇ ಗತಿ ಎಂದು ವಾದಿಸಿದರು. ದೊಡ್ಡ ಜಾಲಗಳು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಅಮೆರಿಕದ ಸ್ಪ್ರಿಂಟ್ 1990ರ ದಶಕದ ನಡುವಿನಲ್ಲಿ, ಹೊಸದಾಗಿ ಹಂಚುತ್ತಿದ್ದ ವಲಯದಲ್ಲಿ /19ಕ್ಕಿಂತ ಚಿಕ್ಕ ಬ್ಲಾಕ್‌ಗಳ ಸಾಲುಗಳನ್ನು ತನ್ನ ರೂಟರುಗಳಿಗೆ ಬಿಟ್ಟುಕೊಳ್ಳಲೇ ಇಲ್ಲ. ವಿಳಾಸ ಕೈಯಲ್ಲಿದ್ದೂ ಜಗತ್ತಿನ ಒಂದು ಭಾಗಕ್ಕೆ ತಲುಪಲಾಗದ ಸ್ಥಿತಿ ಚಿಕ್ಕವರದಾಯಿತು. ನೋಂದಣಿ ಸಂಸ್ಥೆಗಳೂ ಕನಿಷ್ಠ ಹಂಚಿಕೆಯನ್ನು ಇಂಥ ಫಿಲ್ಟರುಗಳಿಗೆ ಹೊಂದಿಸಿಕೊಂಡವು. ಗ್ರಾಹಕರ ಒತ್ತಡ ಹೆಚ್ಚಿದಂತೆ ಫಿಲ್ಟರುಗಳು ಸಡಿಲಗೊಂಡು, ಕೊನೆಗೆ ಹಳೆಯ ವಿಳಾಸ ಪದ್ಧತಿ ಐಪಿವಿ4ನಲ್ಲಿ /24, ಹೊಸ ಪದ್ಧತಿ ಐಪಿವಿ6ನಲ್ಲಿ /48 ಎಂಬುದು ಎಲ್ಲರೂ ಒಪ್ಪಿದ ಗಡಿಯಾಯಿತು. ಇದು ಯಾವ ಕಾನೂನಿನಲ್ಲೂ ಬರೆದದ್ದಲ್ಲ, ರೂಢಿ.

ಬೆಳವಣಿಗೆಯ ಅಂಕಿಗಳು ಕಣ್ಣಿಗೆ ಹೊಡೆಯುವಂತಿವೆ. 1994ರ ಹೊತ್ತಿಗೆ ಟೇಬಲಿನಲ್ಲಿ ಸುಮಾರು 20 ಸಾವಿರ ಸಾಲು. 2001ರಲ್ಲಿ ಒಂದು ಲಕ್ಷ, 2006ರಲ್ಲಿ ಎರಡು ಲಕ್ಷ, 2014ರಲ್ಲಿ ಐದು ಲಕ್ಷ, 2025ರ ಹೊತ್ತಿಗೆ ಹತ್ತು ಲಕ್ಷದ ಆಸುಪಾಸು. ಎಪಿನಿಕ್‌ನ ಜೆಫ್ ಹ್ಯೂಸ್ಟನ್ ದಶಕಗಳಿಂದ ಪಟ್ಟುಹಿಡಿದು ಈ ಲೆಕ್ಕ ಇಟ್ಟಿರದಿದ್ದರೆ ಈ ಚರ್ಚೆ ಬರೀ ಆತಂಕದ ಮೇಲೆ ನಡೆಯುತ್ತಿತ್ತು.

ಆತಂಕ ತುತ್ತತುದಿಗೆ ಹೋದದ್ದು 2006ರ ಅಕ್ಟೋಬರಿನಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಇಂಟರ್ನೆಟ್ ಆರ್ಕಿಟೆಕ್ಚರ್ ಬೋರ್ಡ್ ಅಲ್ಲಿ ಎರಡು ದಿನ ಕಾರ್ಯಾಗಾರ ನಡೆಸಿತು. ಅದರ ವರದಿ ಟೇಬಲಿನ ಏರಿಕೆಗೆ ಕೊಟ್ಟ ಕಾರಣಗಳಲ್ಲಿ ಪಿಐ ಹಂಚಿಕೆ ಒಂದು. ಎರಡು ಐಎಸ್‌ಪಿಗಳಿಗೆ ಜೋಡಿಸಿಕೊಳ್ಳುವ ಮಲ್ಟಿಹೋಮಿಂಗ್ ಮತ್ತು ಟ್ರಾಫಿಕನ್ನು ಬೇಕಾದ ಲಿಂಕಿಗೆ ತಿರುಗಿಸುವ ಟ್ರಾಫಿಕ್ ಎಂಜಿನಿಯರಿಂಗ್ ಇನ್ನೆರಡು. ರೂಟರುಗಳಲ್ಲಿ ಬಳಸುವ ವಿಶೇಷ ಮೆಮೊರಿ ಸಣ್ಣ ಮಾರುಕಟ್ಟೆಯ ಸರಕು, ಪಿಸಿ ಚಿಪ್ಪುಗಳಂತೆ ವರ್ಷವರ್ಷಕ್ಕೆ ಅಗ್ಗವಾಗುವುದಿಲ್ಲ ಎಂಬ ಎಚ್ಚರಿಕೆಯೂ ಅದರಲ್ಲಿತ್ತು.

ಆ ಎಚ್ಚರಿಕೆ ಹುರುಳಿಲ್ಲದ್ದೇನಾಗಿರಲಿಲ್ಲ. ಸಿಸ್ಕೋದ ಕ್ಯಾಟಲಿಸ್ಟ್ 6500 ಮತ್ತು 7600 ಎಂಬ ಹಳೆಯ ಪೆಟ್ಟಿಗೆಗಳಲ್ಲಿ ಟಿಸಿಎಎಂ ಎಂಬ ಅಂಥದೇ ವಿಶೇಷ ಮೆಮೊರಿ ಇತ್ತು. ಅದರ ಡೀಫಾಲ್ಟ್ ವಿಂಗಡಣೆಯಲ್ಲಿ ಐಪಿವಿ4ಗೆ 512 ಕೆ, ಅಂದರೆ ಸುಮಾರು 5 ಲಕ್ಷ 24 ಸಾವಿರ ಸಾಲುಗಳ ಜಾಗ. 2014ರ ಆಗಸ್ಟ್ 12ರಂದು ವೆರೈಜನ್ ಸುಮಾರು 15 ಸಾವಿರ ಹೆಚ್ಚುವರಿ ಸಾಲುಗಳನ್ನು ಅಚಾನಕ್ಕಾಗಿ ಜಗತ್ತಿಗೆ ಸಾರಿತು, ಅಂಚಿನಲ್ಲಿದ್ದ ಟೇಬಲು ಅನೇಕ ರೂಟರುಗಳಲ್ಲಿ ಮಿತಿ ಮೀರಿತು. ಜಾಗ ಸಾಲದ ರೂಟರುಗಳು ಹೆಚ್ಚಿನ ಸಾಲುಗಳನ್ನು ನಿಧಾನದ ಸಾಫ್ಟ್‌ವೇರ್ ದಾರಿಗೆ ತಳ್ಳಿದವು, ಕೆಲವು ಕೈಚೆಲ್ಲಿದವು, ಹಲವು ಜಾಲತಾಣಗಳು ಕುಂಟಿದವು. ವಿಂಗಡಣೆ ಬದಲಿಸಲು ಒಂದು ಸಾಲಿನ ಕಮಾಂಡ್ ಸಾಕಿತ್ತು; ಆದರೆ ಅದು ಜಾರಿಯಾಗಲು ರೂಟರನ್ನೇ ರೀಬೂಟ್ ಮಾಡಬೇಕಿತ್ತು, ನಡುಹಗಲಲ್ಲಿ ಅದಕ್ಕೆ ಯಾರ ಧೈರ್ಯ?

ಆ ದಿನದ ಹದಿನೈದು ಸಾವಿರ ಸಾಲುಗಳು ಬಂದದ್ದು ಯಾರಿಗೋ ಹೊಸದಾಗಿ ಪಿಐ ಕೊಟ್ಟಿದ್ದರಿಂದ ಅಲ್ಲ. ಒಂದೇ ಜಾಲ ತನ್ನದೇ ದೊಡ್ಡ ಬ್ಲಾಕ್‌ಗಳನ್ನು /24ಗಳಾಗಿ ಚೂರು ಮಾಡಿ ಹೊರಗೆ ಬಿಟ್ಟದ್ದರಿಂದ. ಇಡೀ ಪ್ರಶ್ನೆಯನ್ನು ಈ ವ್ಯತ್ಯಾಸದಿಂದಲೇ ನೋಡಬೇಕು.

ಇಂದಿನ ಐಪಿವಿ4 ಟೇಬಲಿನಲ್ಲಿ ಸ್ವತಂತ್ರ ಜಾಲಗಳು, ಅಂದರೆ ಎಎಸ್ ಸಂಖ್ಯೆ ಹೊಂದಿ ಬಿಜಿಪಿ ನಡೆಸುವವರು, ಸುಮಾರು 75 ಸಾವಿರ. ಪ್ರತಿಯೊಬ್ಬರಿಗೂ ಒಂದು ಪಿಐ, ಒಂದು ಸಾಲು ಎಂದಿದ್ದರೆ ಟೇಬಲು 75 ಸಾವಿರಕ್ಕೆ ನಿಲ್ಲಬೇಕಿತ್ತು. ಇರುವುದು ಅದರ ಹನ್ನೆರಡು-ಹದಿಮೂರು ಪಟ್ಟು. ಸಾಲುಗಳಲ್ಲಿ ಅರ್ಧದಷ್ಟು, ಈಗಾಗಲೇ ಸಾರಿರುವ ದೊಡ್ಡ ಬ್ಲಾಕಿನೊಳಗಿನ ಚೂರುಗಳು. ಗಾತ್ರದಿಂದ ನೋಡಿದರೆ ಶೇ. 60ರ ಹತ್ತಿರ /24ಗಳು.

ಚೂರು ಮಾಡುವುದು ಯಾಕೆ? ರೂಟರ್ ಯಾವಾಗಲೂ ಹೆಚ್ಚು ನಿರ್ದಿಷ್ಟವಾದ, ಅಂದರೆ ಚಿಕ್ಕ ಬ್ಲಾಕಿನ ಸಾಲನ್ನೇ ಆರಿಸುತ್ತದೆ. /22 ಇದ್ದ ಕಂಪನಿಯೊಂದು ಅರ್ಧ ಟ್ರಾಫಿಕ್ ಮೊದಲ ಲಿಂಕಿನಲ್ಲಿ, ಇನ್ನರ್ಧ ಎರಡನೆಯದರಲ್ಲಿ ಬರಲಿ ಎಂದುಕೊಂಡರೆ, ಎರಡೆರಡು /24ಗಳನ್ನು ಒಂದೊಂದು ಕಡೆ ಸಾರಿದರಾಯಿತು. ಖರ್ಚಿಲ್ಲ, ಹತ್ತು ನಿಮಿಷದ ಕೆಲಸ, ಪರಿಣಾಮ ಕೂಡಲೇ ಕಾಣುತ್ತದೆ. ಭಯವೂ ಒಂದು ಕಾರಣ. 2008ರ ಫೆಬ್ರುವರಿ 24ರಂದು ಪಾಕಿಸ್ತಾನ್ ಟೆಲಿಕಾಂ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋಗಿ 208.65.153.0/24 ಎಂಬ ಸಾಲನ್ನು ಜಗತ್ತಿಗೇ ಸಾರಿಬಿಟ್ಟಿತು. ಯೂಟ್ಯೂಬ್ ಸಾರಿದ್ದು ಅದಕ್ಕಿಂತ ದೊಡ್ಡ /22, ಹಾಗಾಗಿ ಜಗತ್ತಿನ ಟ್ರಾಫಿಕ್ ಪಾಕಿಸ್ತಾನದ ಕಡೆ ತಿರುಗಿತು. ಯೂಟ್ಯೂಬ್ ಮೊದಲು ಅದೇ /24ನ್ನು, ಆಮೇಲೆ ಎರಡು /25ಗಳನ್ನು ಸಾರಿ ಎದುರಿಸಬೇಕಾಯಿತು. ತಮ್ಮ ಬ್ಲಾಕನ್ನು ತಾವೇ ಮೊದಲು /24ಗಳಾಗಿ ಸಾರಿಟ್ಟುಕೊಂಡರೆ ಕದಿಯುವುದು ಕಷ್ಟ ಎಂಬ ಪಾಠವನ್ನು ಅನೇಕರು ಇಂಥ ಘಟನೆಗಳಿಂದ ಕಲಿತರು.

ಪಿಐ ಬಗ್ಗೆ ಕಣ್ತಪ್ಪಿಹೋಗುವ ಇನ್ನೊಂದು ಸಂಗತಿಯಿದೆ. ಎರಡು ಐಎಸ್‌ಪಿಗಳಿರುವ ಗ್ರಾಹಕ ಪಿಎ ವಿಳಾಸ ಬಳಸಿದರೂ ಟೇಬಲಿಗೆ ಉಳಿತಾಯವಿಲ್ಲ. ಮೊದಲ ಐಎಸ್‌ಪಿಯ /16ರೊಳಗಿನ ಒಂದು /24 ಅವನಿಗೆ ಸಿಕ್ಕಿದೆ ಎನ್ನಿ. ಅದನ್ನು ಎರಡನೆಯ ಐಎಸ್‌ಪಿಯ ಮೂಲಕವೂ ಸಾರಬೇಕು, ಇಲ್ಲವಾದರೆ ಎರಡನೆಯ ಲಿಂಕಿನಲ್ಲಿ ಒಳಗೆ ಏನೂ ಬರುವುದಿಲ್ಲ. ಆದರೆ ಎರಡನೆಯವರು /24 ಎಂದು ಸಾರಿದ ಕೂಡಲೇ, /16 ಎಂದಷ್ಟೇ ಹೇಳುತ್ತಿದ್ದ ಮೊದಲನೆಯವರ ಲಿಂಕ್ ಬರಿದಾಗುತ್ತದೆ. ಹಾಗಾಗಿ ಅವರೂ /24ನ್ನು ಬೇರೆಯಾಗಿ ಸಾರಬೇಕಾಗುತ್ತದೆ. ಕೊನೆಗೆ ಸಾಲು ಹೆಚ್ಚಿತು, ಜತೆಗೆ ಗ್ರಾಹಕ ಮೊದಲ ಐಎಸ್‌ಪಿಗೆ ಕಟ್ಟುಬಿದ್ದೂ ಆಯಿತು. ಮಲ್ಟಿಹೋಮಿಂಗ್ ಮಾಡುವವನಿಗೆ ಪಿಐ ನಿರಾಕರಿಸಿ ಟೇಬಲು ಉಳಿಸುತ್ತೇವೆ ಎನ್ನುವ ವಾದ ಇಲ್ಲಿಗೆ ಬಿದ್ದುಹೋಗುತ್ತದೆ. ಒಂದೇ ಲಿಂಕ್ ಇದ್ದೂ ವಿಳಾಸ ಬದಲಾವಣೆಯ ರಗಳೆ ತಪ್ಪಿಸಲು ಮಾತ್ರ ಪಿಐ ಕೇಳುವವರ ವಿಷಯ ಬೇರೆ. ದೇಶದ ಪ್ರತಿ ಅಂಗಡಿ, ಪ್ರತಿ ಶಾಲೆ ಹಾಗೆ ಕೇಳಿದರೆ ಯಾವ ರೂಟರೂ ತಾಳದು.

ಐಪಿವಿ4 ಮುಗಿದದ್ದು ಚಿತ್ರವನ್ನು ಇನ್ನಷ್ಟು ಚೂರಾಗಿಸಿತು. ಜಾಗತಿಕ ದಾಸ್ತಾನು 2011ರ ಫೆಬ್ರುವರಿ 3ರಂದು ಬರಿದಾಯಿತು. ಎಪಿನಿಕ್ ಅದೇ ಏಪ್ರಿಲ್ 15ರಂದು ತನ್ನ ಕೊನೆಯ /8ಕ್ಕೆ ಬಂದು ನಿಂತಿತು. 2012ರ ಸೆಪ್ಟೆಂಬರಿನಲ್ಲಿ ಆರ್‌ಐಪಿಇ ಕೂಡ ಆ ಹಂತಕ್ಕೆ ಬಂದು ಐಪಿವಿ4 ಪಿಐ ಕೊಡುವುದನ್ನೇ ನಿಲ್ಲಿಸಿತು. ಈ ಬರದ ಜತೆಗೇ ಶುರುವಾದದ್ದು ಮಾರಾಟ. ದಿವಾಳಿಯಾದ ನಾರ್ಟೆಲ್‌ನಿಂದ ಮೈಕ್ರೋಸಾಫ್ಟ್ 2011ರಲ್ಲಿ 6,66,624 ವಿಳಾಸಗಳನ್ನು 75 ಲಕ್ಷ ಡಾಲರಿಗೆ ಕೊಂಡಿತು. ಎಂಐಟಿ ತನ್ನ 18/8 ಬ್ಲಾಕಿನಿಂದ ಸುಮಾರು 80 ಲಕ್ಷ ವಿಳಾಸ ಮಾರುವುದಾಗಿ 2017ರಲ್ಲಿ ಪ್ರಕಟಿಸಿತು. ಒಂದೇ ಸಾಲಾಗಿದ್ದ ಬ್ಲಾಕ್ ಕೈ ಬದಲಾಯಿಸುತ್ತ ತುಂಡಾದಾಗ ಸಾಲುಗಳೂ ಹೆಚ್ಚುತ್ತವೆ.

ಭಾರತದ ಓದುಗರಿಗೆ ಹತ್ತಿರದ ಉದಾಹರಣೆ 103ರಿಂದ ಶುರುವಾಗುವ ವಿಳಾಸಗಳು. ಎಪಿನಿಕ್‌ನ ಆ ಕೊನೆಯ /8 ಇದೇ. ಹೊಸಬರಿಗೂ ಪಾಲು ಉಳಿಯಲೆಂದು ಅದನ್ನು ಒಬ್ಬೊಬ್ಬರಿಗೆ ಹೆಚ್ಚೆಂದರೆ ಒಂದು /22, ಅಂದರೆ 1,024 ವಿಳಾಸದಂತೆ ಹಂಚಲಾಯಿತು; 2019ರಲ್ಲಿ ಮಿತಿ /23ಕ್ಕೆ ಇಳಿಯಿತು. ಭಾರತದಲ್ಲಿ 2012ರಿಂದ ಈ ಹಂಚಿಕೆಯನ್ನು ರಾಷ್ಟ್ರೀಯ ಇಂಟರ್ನೆಟ್ ಎಕ್ಸ್‌ಚೇಂಜ್ ಆದ ನಿಕ್ಸಿ ನಡೆಸುವ ಐರಿನ್ ನೋಂದಣಿ ಸಂಸ್ಥೆ ಮಾಡುತ್ತಿದೆ. ಕೇಬಲ್ ಟಿವಿಯಿಂದ ಬ್ರಾಡ್‌ಬ್ಯಾಂಡಿಗೆ ಇಳಿದ ತಾಲ್ಲೂಕು ಮಟ್ಟದ ಐಎಸ್‌ಪಿಗಳಿಗೂ ಹೀಗೆ ತಮ್ಮದೇ ಬ್ಲಾಕ್ ಸಿಕ್ಕಿತು. ಒಂದು /8ರಲ್ಲಿ 16,384 /22ಗಳಿವೆ. ಒಬ್ಬೊಬ್ಬರೂ ತಮ್ಮದನ್ನು ನಾಲ್ಕು /24 ಮಾಡಿ ಸಾರಿದರೆ 65,536 ಸಾಲು. 1994ರಲ್ಲಿ ಇಡೀ ಇಂಟರ್ನೆಟ್ಟಿನದ್ದು ಅದರ ಮೂರನೆಯ ಒಂದು ಪಾಲೂ ಇರಲಿಲ್ಲ. ಆದರೂ ಈ ಹಂಚಿಕೆ ಸರಿಯಾದದ್ದೇ. ಆ /22 ಸಿಗದಿದ್ದರೆ ಸಣ್ಣ ಐಎಸ್‌ಪಿ ದೊಡ್ಡವರ ಮರ್ಜಿಯಲ್ಲೇ ಬದುಕಬೇಕಿತ್ತು; ಸಗಟು ದರದಲ್ಲಿ ಚೌಕಾಸಿ ಮಾಡುವ ಶಕ್ತಿ ಬಂದದ್ದು ವಿಳಾಸ ತನ್ನದಾಗಿದ್ದರಿಂದ.

ಐಪಿವಿ6ನಲ್ಲಿ ಇದೆಲ್ಲ ಇರಬಾರದು ಎಂಬ ಕನಸಿತ್ತು. 1998ರ ಆರ್‌ಎಫ್‌ಸಿ 2374ರ ಯೋಜನೆಯಲ್ಲಿ ವಿಳಾಸದ ಮೇಲ್ತುದಿಯ ಸಂಸ್ಥೆಗಳಿಗೆ 13 ಬಿಟ್ ಮಾತ್ರ ಮೀಸಲು. ಅಂದರೆ ಮೇಲ್ಮಟ್ಟದಲ್ಲಿ ಹೆಚ್ಚೆಂದರೆ 8,192 ಸಾಲು, ಉಳಿದವರೆಲ್ಲ ಅವರ ಕೆಳಗೆ. ಪಿಐಗೆ ಜಾಗವೇ ಇಲ್ಲ. ಜಾಲ ನಡೆಸುವವರು ಇದನ್ನು ಒಪ್ಪಲಿಲ್ಲ, ಒಪ್ಪಬೇಕಾದ ಕಾರಣವೂ ಇರಲಿಲ್ಲ. ಐಪಿವಿ4ನಲ್ಲಿ ಇದ್ದ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟು ಯಾರು ಹೊಸ ಪ್ರೋಟೋಕಾಲಿಗೆ ಬರುತ್ತಾರೆ? 2003ರಲ್ಲಿ ಆ ಯೋಜನೆ ರದ್ದಾಯಿತು. ಅಮೆರಿಕದ ನೋಂದಣಿ ಸಂಸ್ಥೆ ಎಆರ್‌ಐಎನ್ 2006ರಲ್ಲಿ, ಆರ್‌ಐಪಿಇ 2009ರಲ್ಲಿ ಐಪಿವಿ6 ಪಿಐಗೆ ಬಾಗಿಲು ತೆರೆದವು. ಮುಳುಗಿದೆವು ಎಂದವರು ಹಲವರಿದ್ದರು. ಈಗ ಐಪಿವಿ6 ಟೇಬಲು ಎರಡು ಲಕ್ಷ ದಾಟಿದೆ, ಅದರಲ್ಲಿ ಅರ್ಧಕ್ಕೆ ಹತ್ತಿರ /48ಗಳು. ಮುಳುಗಲಂತೂ ಇಲ್ಲ. ಒಬ್ಬೊಬ್ಬರಿಗೆ ಸಿಗುವ ಬ್ಲಾಕ್ ದೊಡ್ಡದಾಗಿರುವುದರಿಂದ ಮತ್ತೆ ಮತ್ತೆ ಬಂದು ಇನ್ನೊಂದು ಚೂರು ಕೇಳಬೇಕಾಗುವುದಿಲ್ಲ. ಆದರೆ ಇಲ್ಲೂ ಒಬ್ಬೊಬ್ಬ ಜಾಲದವರ ಹೆಸರಲ್ಲಿ ಸರಾಸರಿ ಆರರಷ್ಟು ಸಾಲುಗಳಿವೆ. ಚೂರು ಮಾಡುವ ಚಾಳಿ ಪ್ರೋಟೋಕಾಲಿನ ಜತೆ ಬದಲಾಗಲಿಲ್ಲ.

ತಾಂತ್ರಿಕ ಪರಿಹಾರಗಳಿಗೇನೂ ಬರವಿರಲಿಲ್ಲ. ಒಂದು ಯಂತ್ರಕ್ಕೆ ಎರಡೂ ಐಎಸ್‌ಪಿಗಳ ವಿಳಾಸ ಕೊಟ್ಟು, ಒಂದು ಲಿಂಕ್ ಬಿದ್ದರೆ ಸದ್ದಿಲ್ಲದೆ ಇನ್ನೊಂದಕ್ಕೆ ಜಾರುವ ಶಿಮ್6 ಎಂಬ ವಿಧಾನ 2009ರಲ್ಲಿ ಪ್ರಮಾಣೀಕೃತವಾಯಿತು. ಯಾವ ದಾರಿ ಹಿಡಿಯಬೇಕೆಂಬ ತೀರ್ಮಾನ ಜಾಲದ ಎಂಜಿನಿಯರಿನ ಕೈಯಿಂದ ಪ್ರತಿ ಲ್ಯಾಪ್‌ಟಾಪಿನ ಕೈಗೆ ಹೋಗುತ್ತಿದ್ದುದರಿಂದ ಅದು ಬಳಕೆಗೆ ಬರಲೇ ಇಲ್ಲ. ಆಮ್‌ಸ್ಟರ್‌ಡ್ಯಾಮ್ ಸಭೆಯ ಬೆನ್ನಿಗೆ ಹುಟ್ಟಿದ ಲಿಸ್ಪ್, ಯಾರು ಎಂಬುದನ್ನೂ ಎಲ್ಲಿ ಎಂಬುದನ್ನೂ ಬೇರೆ ಬೇರೆ ವಿಳಾಸಗಳಾಗಿ ಒಡೆಯಿತು. ಅದು ಕೆಲವು ಸಂಸ್ಥೆಗಳ ಒಳಜಾಲದಲ್ಲಿ ನೆಲೆ ಕಂಡಿತು, ಜಾಗತಿಕ ಟೇಬಲನ್ನು ಕುಗ್ಗಿಸಲಿಲ್ಲ. ಅಷ್ಟರಲ್ಲಿ ರೂಟರ್ ತಯಾರಕರು ಹತ್ತಾರು ಲಕ್ಷ ಸಾಲು ಹಿಡಿಸುವ ಪೆಟ್ಟಿಗೆಗಳನ್ನು ಮಾರುತ್ತಿದ್ದರು, ದೊಡ್ಡ ಜಾಲಗಳು ಕೊಳ್ಳುತ್ತಿದ್ದವು. 2006ರ ಭೀತಿ ಪೂರ್ತಿ ನಿಜವಾಗಲಿಲ್ಲ. ಪೆಟ್ಟು ಬಿದ್ದದ್ದು ಹಳೆಯ ಪೆಟ್ಟಿಗೆಗಳಲ್ಲೇ ದಿನ ದೂಡುವ ಸಣ್ಣ ಜಾಲಗಳಿಗೆ.

ಹಣದ ದಾರಿಯನ್ನೂ ಕೆಲವರು ತೋರಿಸಿದ್ದರು. 1990ರ ದಶಕದಲ್ಲೇ ರೆಕ್ಟರ್, ಪಾಲ್ ರೆಸ್ನಿಕ್ ಮತ್ತು ಸ್ಟೀವನ್ ಬೆಲೋವಿನ್, ಸಾಲು ಸಾರುವವರಿಂದ ಅದಕ್ಕೆ ದರ ವಸೂಲು ಮಾಡುವ ಮಾದರಿಯನ್ನು ಚರ್ಚಿಸಿದ್ದರು. ಅದು ಕಾಗದದಿಂದ ಆಚೆ ಬರಲಿಲ್ಲ. ನೋಂದಣಿ ಸಂಸ್ಥೆಗಳ ಶುಲ್ಕ ವಿಳಾಸಕ್ಕೆ, ಸಾಲಿಗಲ್ಲ: ಆರ್‌ಐಪಿಇ ಬಹುಕಾಲ ಒಂದು ಪಿಐ ಬ್ಲಾಕಿಗೆ ವರ್ಷಕ್ಕೆ 50 ಯೂರೋ ತೆಗೆದುಕೊಂಡಿತು. ಆ ಬ್ಲಾಕನ್ನು ಒಂದೇ ಸಾಲಾಗಿ ಸಾರಿದರೂ ಹದಿನಾರು ಸಾಲಾಗಿ ಸಾರಿದರೂ ಅಷ್ಟೇ.

ಹೀಗಿರುವಾಗ ಸಣ್ಣವರಿಗೆ ಪಿಐ ತಪ್ಪಿಸುವುದರಲ್ಲಿ ಶಕ್ತಿ ವ್ಯಯಿಸುವುದಕ್ಕಿಂತ ಸಾರುವ ಶಿಸ್ತಿನ ಕಡೆ ಗಮನ ಹರಿಸುವುದು ನ್ಯಾಯವೂ ಹೌದು, ಫಲಕಾರಿಯೂ ಹೌದು. ಸಾಧನಗಳು ಕೈಯಲ್ಲೇ ಇವೆ. /22 ಇರುವ ಐಎಸ್‌ಪಿ ಅದನ್ನು ಇಡಿಯಾಗಿ ಎರಡೂ ಕಡೆ ಸಾರಿ, ಟ್ರಾಫಿಕ್ ಹೊಂದಾಣಿಕೆಗೆ ಬೇಕಾದ /24ಗಳಿಗೆ ನೋ-ಎಕ್ಸ್‌ಪೋರ್ಟ್ ಎಂಬ ಗುರುತು ಹಚ್ಚಿ ಪಕ್ಕದ ಜಾಲಕ್ಕಷ್ಟೇ ಕಳಿಸಬಹುದು. ಆ ಗುರುತು ಕಂಡ ಜಾಲ ಅವುಗಳನ್ನು ಮುಂದೆ ಸಾರುವುದಿಲ್ಲ. ಎರಡೂ ಲಿಂಕ್‌ಗಳು ಒಂದೇ ದೊಡ್ಡ ಐಎಸ್‌ಪಿಗೆ ಹೋಗುತ್ತಿದ್ದರೆ ಇಷ್ಟೇ ಸಾಕು. ಬೇರೆ ಬೇರೆ ಐಎಸ್‌ಪಿಗಳಾದರೆ ಇನ್ನೂ ಸ್ವಲ್ಪ ದೂರ ಹೋಗಬೇಕಾಗುತ್ತದೆ. ಅದಕ್ಕೆಂದು ಹ್ಯೂಸ್ಟನ್ 2004ರಲ್ಲೇ ಆರ್‌ಎಫ್‌ಸಿ 3765ರಲ್ಲಿ ನೋ-ಪಿಯರ್ ಎಂಬ ಗುರುತನ್ನು ಸೂಚಿಸಿದ್ದರು. ಸಾಲು ತನ್ನ ಮೇಲಿನ ಐಎಸ್‌ಪಿಗಳ ವರೆಗೆ ಹೋಗಿ, ಸಮಾನ ಮಟ್ಟದ ಜಾಲಗಳ ನಡುವಿನ ಗಡಿಯಲ್ಲಿ ನಿಲ್ಲಬೇಕು ಎಂಬುದು ಅದರ ಅರ್ಥ. ಗಡಿಯಲ್ಲಿರುವ ದೊಡ್ಡ ಜಾಲಗಳು ಅದನ್ನು ಪಾಲಿಸಿದರೆ ಮಾತ್ರ ಉಪಯೋಗ. ಇಪ್ಪತ್ತು ವರ್ಷ ಕಳೆದರೂ ಅದು ವ್ಯಾಪಕ ರೂಢಿಯಾಗಿಲ್ಲ.